ಪೈಪು ಬಿಡಿಸುವವರೆಗೆ

ಟ್ಯಾಂಕರಿನ ಹೊಟ್ಟೆಯ ಮೇಲೆ ಒಂದು ಬಿಳಿ ಚುಕ್ಕೆ ಅಲುಗಾಡುತ್ತಿದೆ, ಬಿಸಿಲಿರಬೇಕು, ಇಲ್ಲ ಯಾರದೋ ಹೆಲ್ಮೆಟ್ಟು, ಸ್ಟೀಲಿಗೆ ಇಷ್ಟು ಹೊಳಪಿದ್ದರೆ ಬೆನ್ನ ಹಿಂದಿರುವುದೆಲ್ಲ ಕಣ್ಣ ಮುಂದೆ ಬರುತ್ತದೆ, ಗೇಟು, ಗೇಟಿನೊಳಗಿನ ಹಳದಿ ಗೆರೆ, ಗೇಟಿನಾಚೆಯ ರಿಕ್ಷಾ, ಘಣಸೋಲಿಯ ಆಕಾಶದ ಒಂದು ತುಂಡು, ಎಲ್ಲ ಸೊಟ್ಟಗೆ — ಚುಕ್ಕೆಯನ್ನಲ್ಲ, ಪೈಪನ್ನು ನೋಡು ರಮಿತಾ, ಪೈಪಿನ ಜೋಡಣೆ ಒಣಗಿದೆ, ಹನಿಯಿಲ್ಲ, ಚಕ್ರದ ಹಿಂದೆ ಮುಂದೆ ಮರದ ಬೆಣೆ ಇದೆ, ನೆಲಕ್ಕೆ ಹೋದ ಹಸಿರು ತಂತಿಯ ಕ್ಲಿಪ್ಪು ಸರಿಯಾಗಿ ಕಚ್ಚಿಕೊಂಡಿದೆ, ಎಂಜಿನ್ ಆರಿದೆ, ಗಾಡಿಯ ಚಾವಿ ನನ್ನ ಮುಷ್ಟಿಯಲ್ಲಿ ಬೆವರುತ್ತಿದೆ. ಗಾಡಿಯಿಂದ ಫ್ಯಾಕ್ಟರಿಯ ಟ್ಯಾಂಕಿಗೆ ಇಳಿಯುತ್ತಿರುವುದು ಮೆಥನಾಲ್, ಹಗಲಲ್ಲಿ ಅದಕ್ಕೆ ಬೆಂಕಿ ಹತ್ತಿದರೆ ಉರಿ ಕಣ್ಣಿಗೇ ಕಾಣಿಸುವುದಿಲ್ಲವಂತೆ, ಕಾಣದ್ದನ್ನು ಕಾಯುವ ಕೆಲಸ. ನಿನ್ನೆಯವರೆಗೆ ಪಕ್ಕದಲ್ಲಿ ಕೆಲಸ ಕಲಿಸುವ ಮನೀಶ್ ಇದ್ದ, ಇವತ್ತು ನಾನೊಬ್ಬಳೇ, ಇದೊಂದು ಗಾಡಿ ಸರಿಯಾಗಿ ಇಳಿದರೆ ನಾಳೆಯಿಂದ ಡ್ಯೂಟಿ ಬೋರ್ಡಿನಲ್ಲಿ ನಿನ್ನ ಹೆಸರು, ಇಲ್ಲದಿದ್ದರೆ ಮತ್ತೆ ಪ್ಯಾಕಿಂಗಿಗೆ ಹೋಗು, ಸೂಪರ್‌ವೈಸರ್ ಕೌಶಲ್ ಸರ್ ಹೇಳಿದ್ದು ಅಷ್ಟೇ. ಪೈಪು ಬಿಡಿಸುವವರೆಗೆ ಹತ್ತು ಹೆಜ್ಜೆಗಿಂತ ದೂರ ಹೋಗಬಾರದು, ಕಣ್ಣು ತೆಗೆಯಬಾರದು, ಚಾವಿ ಕೊಡಬಾರದು, ಹೋಗಲೇಬೇಕೆಂದರೆ ಕಲಿತ ಇನ್ನೊಬ್ಬರು ಬಂದು ನಿನ್ನ ಜಾಗದಲ್ಲಿ ನಿಂತು ನಾನು ವಹಿಸಿಕೊಂಡೆ ಅಂತ ಬಾಯಿಬಿಟ್ಟು ಹೇಳಬೇಕು — ಟ್ರೇನಿಂಗಿನಲ್ಲಿ ಕಾಗದ ನೋಡದೆ ಒಪ್ಪಿಸಿದೆ, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಷ್ಟು ಬಾಯಿಪಾಠ ಹೇಗೆ ಅಂದರು, ಇದೆಲ್ಲ ನಾನು ಪಪ್ಪನಿಗೆ ಊಟದ ಡಬ್ಬ ಕೊಡಲು ಹೋಗಿ ಕಲಿತದ್ದು.

ಡಬ್ಬ. ಇವತ್ತು ಗಾಬರಿಯಲ್ಲಿ ಡಬ್ಬ ಡೊಂಬಿವಲಿಯ ಮನೆಯ ಅಡುಗೆಕಟ್ಟೆಯ ಮೇಲೆಯೇ ಉಳಿಯಿತು, ಹೊಟ್ಟೆ ಈಗಲೇ ಚುರುಗುಟ್ಟುತ್ತಿದೆ, ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ — ಅದೇ ಡಬ್ಬ, ಪಪ್ಪನದು, ಸ್ಟೀಲಿನದು, ಮೂರು ಅಂತಸ್ತಿನದು, ಹಿಡಿಕೆಯಲ್ಲಿ ಸಣ್ಣ ತಗ್ಗು. ಶಾಲೆಯ ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಅಮ್ಮ ಕಟ್ಟಿಟ್ಟದ್ದನ್ನು ಹಿಡಿದು ಓಡುತ್ತಿದ್ದೆ, ಎಮ್‌ಐಡಿಸಿಯ ಫ್ಯಾಕ್ಟರಿಗಳ ಗಟಾರದ ನೀರು ಒಂದು ದಿನ ಗುಲಾಬಿ ಒಂದು ದಿನ ಹಸಿರು, ಇವತ್ತು ಯಾವ ಬಣ್ಣ ಅಂತ ಪಪ್ಪನಿಗೆ ಹೇಳಬೇಕು, ಆದರೆ ಗೇಟಿನ ಒಳಗೆ ನಾನು ದಾಟಬಾರದ ಹಳದಿ ಗೆರೆ, ಗೆರೆಯ ಆಚೆ ಪಪ್ಪ, ನನಗೆ ಬೆನ್ನು ಹಾಕಿ, ಟ್ಯಾಂಕರಿಗೆ ಮುಖ ಕೊಟ್ಟು. ಅಲ್ಪನೇ ಉಂತು ಮಗಾ, ಅಲ್ಲೇ ನಿಲ್ಲು, ತಿರುಗದೆಯೇ ಹೇಳುತ್ತಿದ್ದರು, ಚಪ್ಪಲಿಯ ಸದ್ದಲ್ಲೇ ಗೊತ್ತಾಗುತ್ತಿತ್ತೋ ಏನೋ, ನಾನು ಪಪ್ಪನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದವಳು, ಕಿತ್ತಳೆ ಜಾಕೆಟ್ಟು, ನಡುವೆ ಬೆವರಿನ ಉದ್ದ ಕಲೆ, ಆ ಬೆನ್ನಿಗೇ ಮಗ್ಗಿ ಹೇಳುತ್ತಿದ್ದೆ, ಏಳೆಂಟಲ ಐವತ್ತನಾಲ್ಕು ಅಂದರೆ ಬೆನ್ನು ಆರಾ ನಾಲ್ಕಾ ಅನ್ನುತ್ತಿತ್ತು. ಪೈಪು ಬಿಡಿಸಿ, ಚಾವಿ ಡ್ರೈವರನಿಗೆ ಕೊಟ್ಟು, ಆಮೇಲೆ ತಿರುಗುವರು, ಆಗ ಮುಖ, ಆಗ ನಗು, ಅಷ್ಟರಲ್ಲಿ ಅನ್ನ ಆರಿ ಗಟ್ಟಿಯಾಗಿರುತ್ತದೆ, ಕಟ್ಟೆಯ ಮೇಲೆ ಕೂತು ಉಣ್ಣುತ್ತ ಮೀನಿನ ನಡುತುಂಡು ನನ್ನ ಅಂಗೈಗೆ, ಅಮ್ಮನಿಗೆ ಹೇಳಬೇಡ ಮಾರಾಯ್ತಿ, ನಿನಗೆ ಅಂತ ಬೇರೆ ಇಟ್ಟಿದ್ದಾಳೆ ಅವಳು. ಪ್ರಪಂಚದಲ್ಲಿ ಅದಕ್ಕಿಂತ ರುಚಿಯಾದದ್ದನ್ನು ನಾನಿನ್ನೂ ತಿಂದಿಲ್ಲ.

ಜೋಡಣೆ ಒಣಗಿದೆ. ಟ್ಯಾಂಕರಿನ ಗೇಜಿನ ಮುಳ್ಳು ಅರ್ಧಕ್ಕೆ ಬಂದಿದೆ. ಡ್ರೈವರ್ ದಿಲೀಪ್ ನೆರಳಿನಲ್ಲಿ ಕೂತು ಆಕಳಿಸುತ್ತಾನೆ, ಇತನಾ ಘೂರೇಗೀ ತೋ ಪೈಪ್ ಶರ್ಮಾ ಜಾಯೇಗಾ, ಹೀಗೆ ದಿಟ್ಟಿಸಿದರೆ ಪೈಪಿಗೇ ನಾಚಿಕೆಯಾದೀತಂತೆ, ಗಂಡಸರೆದುರು ನನ್ನ ದನಿ ಏಳುವುದೇ ಇಲ್ಲ, ಏಳುತ್ತಿತ್ತು, ಒಂದೇ ಒಂದು ದಿನ ಎದ್ದಿತ್ತು — ಒಂಬತ್ತನೇ ಕ್ಲಾಸು, ಗಣಿತದಲ್ಲಿ ನೂರಕ್ಕೆ ತೊಂಬತ್ತೊಂದು, ಕಾಗದ ಹಿಡಿದು ಪಪ್ಪಾ ಪಪ್ಪಾ ಅಂತ ಕೂಗುತ್ತ ಓಡಿದೆ, ಗೆರೆ ಕಾಣಲಿಲ್ಲ, ದಾಟಿದೆ, ಬೆನ್ನು ತಿರುಗಿತು, ಪೈಪು ಇರುವಾಗ ಮೊದಲ ಸಲ ಆ ಬೆನ್ನು ತಿರುಗಿತು, ನನ್ನನ್ನು ಗೆರೆಯಾಚೆಗೆ ಅಟ್ಟಲು ಐದು ಹೆಜ್ಜೆ ಬಂದರು, ಐದೇ, ಹಿಂದೆ ಜೋಡಣೆ ಬಾಯಿಬಿಟ್ಟು ಆಸಿಡ್ಡು ಚಿಮ್ಮಿತು, ನೋಡುತ್ತಿದ್ದರೆ ಮೊದಲ ಹನಿಗೇ ವಾಲ್ವು ಮುಚ್ಚುತ್ತಿದ್ದರು, ಓಡಿ ಹೋಗಿ ಮುಚ್ಚಿದರು, ಬಲಗೈಯಲ್ಲಿ, ಗ್ಲೌಸಿನ ಒಳಗೂ ಇಳಿಯಿತು. ಈಗ ಆ ಕೈಯ ಮೂರು ಬೆರಳು ಒಂದಕ್ಕೊಂದು ಅಂಟಿವೆ. ಕೆಲಸ ಹೋಯಿತು, ನನ್ನ ಶಾಲೆ ಹೋಯಿತು, ಕೇಳಿದವರಿಗೆಲ್ಲ ಜೋಡಣೆಯ ಗ್ಯಾಸ್ಕೆಟ್ ಹಳೇದಿತ್ತು ಅನ್ನುತ್ತಾರೆ, ಎಂಟು ವರ್ಷದಿಂದ ಅದನ್ನೇ, ನನ್ನೆದುರು ಸ್ವಲ್ಪ ಜೋರಾಗಿ, ಆ ದಿನದಿಂದ ಯಾವ ಫ್ಯಾಕ್ಟರಿಯ ಗೇಟಿನತ್ತಲೂ ಕಾಲಿಟ್ಟಿಲ್ಲ. ನಾಳೆ ನಾನೊಬ್ಬಳೇ ಅಂತ ನಿನ್ನೆ ಹೇಳಿದಾಗ ಎಡಗೈಯಲ್ಲಿ ಚಹಾದ ಲೋಟ ತಿರುಗಿಸುತ್ತ ಕೂತರು, ಹೆದರಿಕೆ ಆಗ್ತದಾ ಅಂದರು, ಇಲ್ಲ ಅಂದೆ, ಆಗ್ಬೇಕು ಅಂದರು.

ಏ ರಮಿತಾ — ಹಿಂದಿನಿಂದ, ಗೇಟಿನ ವಾಚ್‌ಮನ್ ಕಮಲಾಕ್ಷಣ್ಣ, ನಿನ್ನ ಪಪ್ಪ ಬಂದಿದ್ದಾರೆ ಮಾರಾಯ್ತಿ, ಡಬ್ಬ ಹಿಡ್ಕೊಂಡು, ಬಸ್ಸಲ್ಲಿ ನಿಂತೇ ಬಂದದ್ದಂತೆ, ಬಾ ಒಮ್ಮೆ. ಕತ್ತು ತಾನಾಗಿ ಅರ್ಧ ತಿರುಗಿತು, ತಡೆದೆ, ಪೈಪು, ಪೈಪನ್ನು ನೋಡು, ಯಾಕೆ ಬಂದರು, ಗೇಟಿನತ್ತ ಕಾಲಿಡದವರು ಯಾಕೆ ಇಲ್ಲಿಯತನಕ ಬಂದರು. ದಿಲೀಪ್ ಎದ್ದು ನಿಂತ, ಜಾ ನಾ ಬೆಹೆನ್, ಬಾಪ್ ಧೂಪ್ ಮೇ ಖಡಾ ಹೈ, ಚಾವಿ ಇಧರ್ ದೇ, ಬಾವೀಸ್ ಸಾಲ್ ಸೇ ಗಾಡಿ ಚಲಾತಾ ಹೂಂ, ದೋ ಮಿನಿಟ್ ಮೈ ದೇಖ್ ಲೂಂಗಾ — ಇಪ್ಪತ್ತೆರಡು ವರ್ಷದ ಡ್ರೈವರು, ಚಾವಿ ಕೊಟ್ಟರೆ ತಾನೇ ನೋಡಿಕೊಳ್ಳುತ್ತಾನಂತೆ, ಕೈ ಚಾಚಿದ್ದಾನೆ, ಒಳ್ಳೆಯವನೇ, ಎರಡೇ ನಿಮಿಷ, ಐದೇ ಹೆಜ್ಜೆ. ಪಪ್ಪನಿಗೆ ಬಿಸಿಲು ಆಗುವುದಿಲ್ಲ, ಸುಟ್ಟ ಚರ್ಮ ಉರಿಯುತ್ತದೆ. ಹೋಗದಿದ್ದರೆ ಏನಂದುಕೊಳ್ಳುವರು, ಹೋದರೆ ಏನಂದುಕೊಳ್ಳುವರು. ಸ್ಟೀಲಿನ ಮೇಲೆ ಆ ಬಿಳಿ ಚುಕ್ಕೆ ಹತ್ತಿರ ಬರುತ್ತಿದೆ, ಅದರ ಹಿಂದೆ ಒಬ್ಬ ಸೊಟ್ಟ ಸಣ್ಣ ಮನುಷ್ಯ, ಹೆಲ್ಮೆಟ್ಟಲ್ಲ ಅದು, ಬಿಸಿಲಲ್ಲ, ಬಲಗೈ ಜೇಬಿನಲ್ಲಿ, ಎಡಗೈಯಲ್ಲಿ ಡಬ್ಬ, ಹೊಳೆಯುತ್ತಿದ್ದದ್ದು ಅದೇ, ಇನ್ನೂ ಬರುತ್ತಿದ್ದಾರೆ, ಗೆರೆ ಕಾಣಿಸಲಿಲ್ಲವೋ, ಇಲ್ಲ ನಾನು ತಿರುಗುತ್ತೇನಾ ಅಂತ ನೋಡಲಿಕ್ಕೇ ಬಂದರೋ — ಪಪ್ಪಾ, ಅಲ್ಪನೇ ಉಂತುಲೆ. ನನ್ನದೇ ದನಿ, ಇಡೀ ಅಂಗಳಕ್ಕೆ ಕೇಳುವಷ್ಟು, ದಿಲೀಪನ ಕೈ ಮಡಚಿಕೊಂಡಿತು, ಜೋಡಣೆ ಒಣಗಿದೆ, ಚಾವಿ ಮುಷ್ಟಿಯಲ್ಲಿ, ಮುಳ್ಳು ಇನ್ನೂ ಕಾಲುಭಾಗ ಇಳಿಯಬೇಕು, ಅನ್ನ ಆರಲಿ, ನನ್ನ ಬೆನ್ನನ್ನು ನೋಡುತ್ತಿರಲಿ, ನಡುವೆ ಬೆವರಿನ ಕಲೆ ಇರಬೇಕು, ನೋಡಲಿ — ಮತ್ತೆ ಸ್ಟೀಲಿನ ಮೇಲೆ ಆ ಚುಕ್ಕೆ, ಡಬ್ಬದ ಚುಕ್ಕೆ, ಗೆರೆಯ ಆಚೆಯೇ, ಅಲುಗುತ್ತಿಲ್ಲ, ಬಿಳಿ, ಅಲುಗುತ್ತಿಲ್ಲ