ಭಾವ ಹೆಚ್ಚಿಗೆ ಹಾಕಿದ ಸೊನ್ನೆ

ಗಿಟಾರಿನ ದನಿ ಬದಲಿಸುವ ಹಳೇ ಕಾಲದ ಪೆಡಲ್ ಪೆಟ್ಟಿಗೆಗಳನ್ನು ಮನೆಯಲ್ಲೇ ಬೆಸುಗೆ ಹಾಕಿ ಅಸಲಿನಂತೆ ಮಾಡುವುದರಲ್ಲಿ ರೇಡಿಯೊ ರಿಪೇರಿಯವನದು ಎತ್ತಿದ ಕೈ. ಹೆಂಡತಿಯ ತಮ್ಮ ತಾನೂ ಒಂದು ಮಾಡುತ್ತೇನೆಂದು ನಕ್ಷೆ ಕೇಳಿದಾಗ ಅವನಿಗೆ ಹೊಟ್ಟೆ ಉರಿಯಿತು. ನಕ್ಷೆಯನ್ನೇನೋ ಬರೆದುಕೊಟ್ಟ; ಒಂದು ಕೆಪಾಸಿಟರಿನ ಅಳತೆಗೆ ಮಾತ್ರ ಬೇಕೆಂದೇ ಒಂದು ಸೊನ್ನೆ ಹೆಚ್ಚಿಗೆ ಹಾಕಿದ. ಕತ್ತೆಯ ಹಾಗೆ ಅರಚಲಿ ಅಂತ.

ಭಾನುವಾರ ಮನೆಮಂದಿಯ ಮುಂದೆ ಇಬ್ಬರ ಪೆಡಲ್‌ಗಳನ್ನೂ ಒಂದಾದ ಮೇಲೊಂದು ಗಿಟಾರಿಗೆ ಸಿಕ್ಕಿಸಿ ನುಡಿಸಿದರು. ಇವನದು ಅಸಲಿನ ಹಾಗೇ ಗೊರಗುಟ್ಟಿತು. ಭಾವಮೈದುನನದು ಎದೆತುಂಬಿ ಹಾಡಿತು. ಹೆಂಡತಿ ಕುರ್ಚಿಯನ್ನೇ ತಮ್ಮನ ಕಡೆ ತಿರುಗಿಸಿಕೊಂಡಳು.

"ನೀವು ಬರೆದುಕೊಟ್ಟ ಹಾಗೇ ಮಾಡಿದ್ದು ಭಾವ," ಎಂದ ಅವನು. "ನಿಮ್ಮದರಲ್ಲೇ ಯಾವುದೋ ಕೆಪಾಸಿಟರ್ ತಪ್ಪಿರಬೇಕು. ಕೊಡಿ, ನಕ್ಷೆ ನೋಡಿ ಸರಿ ಮಾಡಿಕೊಡ್ತೀನಿ."

ಭಾವ ಹಲ್ಲು ಕಚ್ಚಿಕೊಂಡು ಸ್ಕ್ರೂಡ್ರೈವರನ್ನು ಅವನ ಕೈಗಿಟ್ಟ.