ಕಾಲು ತಾಗಿದ ಮೇಲೆ

ಇಪ್ಪತ್ತೊಂದನೇ ಸಲವೂ ಯೋಗೀಶನ ಬಲಗೈ ಕೆಳಗಿಳಿಯಿತು. ಅಭ್ಯಾಸಕ್ಕೆ ಎದುರು ನಿಂತ ಹನುಮೇಶನ ಪಾದದ ಮೇಲೆ ಅವನ ಬೂಟು ಬಿದ್ದದ್ದೇ ತಡ, ಮುಖ ಕಾಯಬೇಕಾದ ಕೈ ಹನುಮೇಶನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಹೊರಟಿತು. ಹೇಳಿಕೊಟ್ಟಂತೆ ಹನುಮೇಶ ಅವನ ದವಡೆಗೆ ಒಂದು ಬಿಟ್ಟ.

"ಥೂ ನಿನ್ನ! ಕೈ ಮುಗಿಯಾಕೆ ಇದೇನು ದ್ಯಾವರ ಗುಡಿಯೇನ್ಲಾ?" ಕೋಚ್ ಬೋರಣ್ಣ ಹೆಗಲ ಟವೆಲ್ಲನ್ನು ನೆಲಕ್ಕೆ ಬಡಿದರು. ಮಡಕಶಿರಾ ಕಡೆಯ ಮನುಷ್ಯ. ಸೈನ್ಯದಲ್ಲಿದ್ದಾಗ ಬಾಕ್ಸಿಂಗ್ ಆಡಿದವರು. ಈಗ ರಾಯದುರ್ಗದ ಜೀನ್ಸ್ ಹೊಲಿಯುವ ಶೆಡ್ಡುಗಳ ಹಿಂದಿನ ಹಳೇ ಗೋದಾಮಿನಲ್ಲಿ ನಾಲ್ಕು ಗೂಟಕ್ಕೆ ಹಗ್ಗ ಕಟ್ಟಿ ಹುಡುಗರಿಗೆ ಕಲಿಸುತ್ತಿದ್ದರು.

ಮೂರು ತಿಂಗಳ ಹಿಂದೆ ರಾಜ್ಯಮಟ್ಟದ ಹೆವಿವೇಟ್ ಫೈನಲ್‌ನಲ್ಲೂ ಆದದ್ದು ಇದೇ. ಎರಡು ಸುತ್ತು ಯೋಗೀಶನದೇ ಮೇಲುಗೈ. ಮೂರನೆಯದರಲ್ಲಿ ಅವನ ಕಾಲು ಎದುರಾಳಿಯ ಕಾಲಿನ ಮೇಲೆ ಬಿತ್ತು. ಬಸ್ಸಿನಲ್ಲೋ ಮನೆಯಲ್ಲೋ ಯಾರಿಗಾದರೂ ಕಾಲು ತಾಗಿದರೆ ಏನು ಮಾಡುತ್ತೇವೋ ಅದನ್ನೇ ಮಾಡಲು ಹೋದ ಪುಣ್ಯಾತ್ಮ, ಅದೂ ಗ್ಲೌಸ್ ತೊಟ್ಟ ಕೈಯಲ್ಲಿ! ಮುಂದಿನದು ಅವನಿಗೆ ನೆನಪಿಲ್ಲ. ನೂರಾ ಎಂಟು ಕಿಲೋದ ಆಳು ಅಂಗಾತ ಬಿದ್ದದ್ದನ್ನು ಊರಿಗೆ ಊರೇ ಫೋನಿನಲ್ಲಿ ನೋಡಿ ನಕ್ಕಿತು. ಈಗಲೂ ಬಸ್‌ಸ್ಟ್ಯಾಂಡಿನ ಆಟೋದವರು ಅವನನ್ನು ಕಂಡರೆ ಎದ್ದು ನಿಂತು, "ಸ್ವಾಮೀ, ದಂಡಾಲು!" ಎಂದು ಕೈಮುಗಿಯುತ್ತಾರೆ.

ಬರುವ ಭಾನುವಾರ ಅನಂತಪುರದಲ್ಲಿ ಮತ್ತೊಂದು ಆಯ್ಕೆ ಪಂದ್ಯ. ಇಪ್ಪತ್ತೊಂಬತ್ತು ದಾಟಿದವನಿಗೆ ಇದೇ ಕೊನೆಯದು ಎಂದು ಸಂಘದವರು ಹೇಳಿಬಿಟ್ಟಿದ್ದಾರೆ. ಅದಕ್ಕಿಂತ ಕೆಟ್ಟದ್ದೆಂದರೆ, ಅವನ ರೋಗ ಎಲ್ಲರಿಗೂ ಗೊತ್ತಾಗಿದೆ. ಯಾರು ಎದುರು ನಿಂತರೂ ಬೇಕೆಂದೇ ಕಾಲು ಮುಂದಿಡುತ್ತಾರೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವ್ವ ಶಂಕ್ರಮ್ಮ ಅಂಗಡಿಯಿಂದ ಎದ್ದು ಬಂದು ರೊಟ್ಟಿ ಬಡಿಸಿದಳು. ಮನೆಯ ಮುಂದಿನ ಕೋಣೆಯೇ ಅವಳ ಕಿರಾಣಿ ಅಂಗಡಿ.

"ಇವತ್ತರ ಕೈ ನಿಂತ್ವೇನೋ?"

"ಎಲ್ಲಿ ನಿಲ್ತಾವ? ಎಲ್ಲಾ ನಿನ್ನಿಂದನ ಆಗಿದ್ದು!"

"ನಾನೇನ್ ಮಾಡೀನಪ್ಪಾ?"

"ಸಣ್ಣಾಂವಿದ್ದಾಗ ಯಾರಿಗರ ಕಾಲು ತಾಗಿದ್ರ ಬೆನ್ನಿಗೆ ಗುದ್ದಿ ಗುದ್ದಿ ನಮಸ್ಕಾರ ಮಾಡಸ್ತಿದ್ದಿಲ್ಲ? ಈಗ ಈ ಕೈ ನನ್ನ ಮಾತು ಕೇಳವಲ್ದು."

"ಒಳ್ಳೇದು ಕಲಿಸಿದ್ದೂ ತಪ್ಪಾತೇನೋ?"

"ಹೌದು, ತಪ್ಪಾತು!" ತಟ್ಟೆ ತಳ್ಳಿ ಎದ್ದುಬಿಟ್ಟ. ಅವಳ ಮುಖ ಸಣ್ಣದಾದದ್ದು ಕಂಡಿತು. ಆದರೂ ಸಿಟ್ಟು ಇಳಿಯಲಿಲ್ಲ, ಚಪ್ಪಲಿ ಮೆಟ್ಟಿ ಹೊರಟುಹೋದ.

ಮರುದಿನ ಬೆಳಿಗ್ಗೆ ಶಂಕ್ರಮ್ಮ ಅಂಗಡಿಗೆ ಬೀಗ ಜಡಿದು ಗೋದಾಮಿಗೆ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹಗ್ಗದ ಕೆಳಗೆ ಬಗ್ಗಿ ಒಳಗೆ ನಡೆದಳು.

"ಬೋರಣ್ಣಾರ, ಇವನ್ನ ನನ್ನೆದುರಿಗೆ ನಿಲ್ಲಿಸ್ರಿ."

"ನೀವ್ಯಾಕಕ್ಕಾ ಇಲ್ಲಿಗೆ..."

"ಯಾರ ಕಾಲು ತುಳದ್ರೂ ಇವಗ ಕೈ ಇಳೀತಾವಂತ. ನನ್ನ ಕಾಲು ತುಳದು ನಿಂತಾ ಅಂದ್ರ, ಇನ್ಯಾರದು ತುಳದ್ರೂ ಕೈ ಇಳಿಯಂಗಿಲ್ಲ ಬಿಡ್ರಿ." ಬರಿಗಾಲನ್ನು ಮಗನ ಬೂಟಿನ ಮುಂದಿಟ್ಟಳು. "ತುಳಿ."

"ಯವ್ವಾ, ಮನಿಗೆ ಹೋಗು ಸುಮ್ನ."

"ನಿನ್ನೆ ಬಾಯಿ ಭಾಳ ದೊಡ್ಡದಿತ್ತಲ್ಲ? ತುಳಿ ಅಂದ್ನಿ!"

ಮೊದಲ ಸಲ ಬೂಟನ್ನು ಸುಮ್ಮನೆ ತಾಗಿಸಿದ. ಕೈ ಇಳಿಯಿತು. ಅವಳು ಆ ಕೈಗೆ ಫಟಾರನೆ ಹೊಡೆದಳು. "ಮತ್ತ." ಮತ್ತೆ ಇಳಿಯಿತು. ಆರು, ಏಳು ಸಲವಾಗುವಷ್ಟರಲ್ಲಿ ಅವಳ ಪಾದ ಕೆಂಪಗಾಗಿತ್ತು. ಹನುಮೇಶ ನೋಡಲಾರದೆ ಬಾಗಿಲ ಕಡೆ ತಿರುಗಿ ನಿಂತ. ಬೋರಣ್ಣ, "ಸಾಕು ಬಿಡಕ್ಕಾ" ಎಂದರೂ ಅವಳು ಕದಲಲಿಲ್ಲ.

ಯೋಗೀಶನಿಗೆ ರೋಷ ಉಕ್ಕಿತು. ಆಟೋದವರ ಮೇಲೆ, ಬೋರಣ್ಣನವರ ಮೇಲೆ, ಹಟ ಹಿಡಿದ ಅವ್ವನ ಮೇಲೆ, ಎಲ್ಲಕ್ಕಿಂತ ಈ ದರಿದ್ರ ಬಲಗೈಯ ಮೇಲೆ. ಹಲ್ಲು ಕಚ್ಚಿ ಮೈಭಾರವನ್ನೆಲ್ಲ ಹಾಕಿ ತುಳಿದುಬಿಟ್ಟ. ಶಂಕ್ರಮ್ಮ "ಸ್ಸ್" ಎಂದು ಉಸಿರೆಳೆದುಕೊಂಡಳು. ಈ ಸಲ ಗ್ಲೌಸುಗಳು ಕೆನ್ನೆ ಬಿಟ್ಟು ಇಳಿಯಲಿಲ್ಲ.

"ನಿಂತ್ವು ನೋಡ್ಲಾ! ಅಂಗೇ ಇರ್ಲಿ, ಅಂಗೇ!" ಬೋರಣ್ಣ ಕೂಗಿದರು.

ಅವಳ ಹೆಬ್ಬೆರಳಿನ ಉಗುರು ಸೀಳಿ ರಕ್ತ ಬರುತ್ತಿತ್ತು. ಯೋಗೀಶ ಮೊಣಕಾಲೂರಿ ಕುಸಿದ. ಅವಳು ತಟ್ಟನೆ ಪಾದವನ್ನು ಸೀರೆಯೊಳಗೆ ಎಳೆದುಕೊಂಡಳು.

"ಮುಟ್ಟಬ್ಯಾಡ."

"ರಕ್ತ ಬರಾಕ್ಹತ್ತೈತಿ, ಯವ್ವಾ."

"ಬರಲಿ. ಈಗ ಮುಟ್ಟಿದ್ರ ಮತ್ತ ಮೊದಲಿನಂಗ ಆಗ್ತೀ. ಎದ್ದು ನಿಂದ್ರು."

ಅವನು ಎದ್ದು ಎರಡೂ ಕೈ ಮುಖದ ಮುಂದೆ ಹಿಡಿದ. ಕಣ್ಣೀರು ಮೂಗಿನ ಪಕ್ಕದಲ್ಲಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಶಂಕ್ರಮ್ಮ ಹಗ್ಗ ಹಿಡಿದು ಸಾವರಿಸಿಕೊಂಡು, ಇನ್ನೊಂದು ಕಾಲನ್ನು ಮುಂದಿಟ್ಟಳು.