ಎಡಗಡೆಯ ಗುಂಡಿ

ನಾನು ತೊಗಲು ಕತ್ತರಿಸುವ ಒಂದು ಪ್ರೆಸ್. ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಮರಳಿನ ಅಚ್ಚಿಗೆ ಕಾದ ಕಬ್ಬಿಣ ಸುರಿದು ನನ್ನನ್ನು ಎರಕ ಹೊಯ್ದರು. ಆರಿದ ಮೇಲೆ ಮೈಗಂಟಿದ ಮರಳನ್ನು ಸುತ್ತಿಗೆಯಿಂದ ಕುಟ್ಟಿ ಉದುರಿಸಿ, ಹಸಿರು ಬಣ್ಣ ಬಳಿದರು. ನನಗೊಂದು ಮೇಜಿದೆ, ಮೇಜಿನ ಹಿಂದೆ ಒಂದು ಕಂಬ, ಕಂಬದಿಂದ ಚಾಚಿದ ಒಂದೇ ತೋಳು. ಮೇಜಿನ ಮೇಲೆ ತೊಗಲು ಹಾಸಿ, ತೊಗಲಿನ ಮೇಲೆ ಚೂಪು ಅಂಚಿನ ಉಕ್ಕಿನ ಅಚ್ಚು ಇಟ್ಟು, ತೋಳನ್ನು ಅದರ ಮೇಲಕ್ಕೆ ಎಳೆದುಕೊಂಡು ಗುಂಡಿ ಒತ್ತಿದರೆ ನಾನು ಒಮ್ಮೆ ಬಿದ್ದು ಏಳುತ್ತೇನೆ. ಷೂವಿನ ಒಂದು ತುಂಡು ಕತ್ತರಿಸಿರುತ್ತದೆ. ನನಗೆ ಗೊತ್ತಿರುವ ಕೆಲಸ ಇಷ್ಟೇ.

ತೋಳಿನ ತುದಿಯ ಹಿಡಿಕೆಯಲ್ಲಿ ಎರಡು ಗುಂಡಿಗಳಿದ್ದವು, ಬಲಕ್ಕೊಂದು, ಎಡಕ್ಕೊಂದು. ಎರಡೂ ಅದುಮಿದ್ದರೆ ಮಾತ್ರ ನಾನು ಬೀಳುವುದು. ನನ್ನನ್ನು ಜೋಡಿಸಿದ ಮೇಸ್ತ್ರಿ ಕೊಳ್ಳಲು ಬಂದವರಿಗೆ ಹೇಳಿದ್ದ: “ಎರಡೂ ಕೈ ಇಲ್ಲಿದ್ದೂವಂದ್ರ ಕೆಳಗ ಕೈ ಇರೂದಿಲ್ಲ ನೋಡ್ರಿ. ಅದಕ್ಕ ಎರಡ ಮಾಡೇವಿ.”

ಆ ಮಾತನ್ನು ನಂಬಿಕೊಂಡು ನಾನು ಲಾರಿ ಹತ್ತಿದೆ.

ಇಳಿದದ್ದು ಕನಕಪುರದ ಕಡೆಯ ಒಂದು ಕಾರ್ಖಾನೆಯಲ್ಲಿ. ಪರದೇಶಕ್ಕೆ ಷೂ ಕಳಿಸುವ ಕಾರ್ಖಾನೆ ಅದು. ನಾವು ಪ್ರೆಸ್‌ಗಳು ಸಾಲಾಗಿ ನಿಂತಿದ್ದೆವು. ನಮ್ಮ ಮುಂದೆ ನಿಲ್ಲುವವರೆಲ್ಲ ಗಂಡಸರು. ಅವರನ್ನು ಆಪರೇಟರ್ ಎನ್ನುತ್ತಿದ್ದರು. ಆಚೆಯ ಮೇಜುಗಳಲ್ಲಿ ಅಂಟು ಹಚ್ಚುವವರು, ಅಂಚು ಮಡಚುವವರು ಹೆಂಗಸರು, ಅವರು ಹೆಲ್ಪರ್. ಎರಡು ಸಂಬಳಗಳ ನಡುವಿನ ಅಂತರ ಒಂದು ಕೋಣೆಯ ಬಾಡಿಗೆಯಷ್ಟು.

ನನ್ನ ಆಪರೇಟರ್ ಮುನಿಕೆಂಪ. ತೊಗಲನ್ನು ಹಾಸಿ ಅಂಗೈಯಿಂದ ಸವರಿದರೆ ಸಾಕು, ಉಣ್ಣೆಹುಳ ಕಚ್ಚಿದ ಗುರುತೆಲ್ಲಿದೆ, ಮುಳ್ಳುತಂತಿ ಗೀರಿದ್ದು ಎಲ್ಲಿ ಎಂದು ಅವನಿಗೆ ತಿಳಿಯುತ್ತಿತ್ತು. ಬೆನ್ನಿನ ಭಾಗ ಷೂವಿನ ಮೂತಿಗೆ, ಹೊಟ್ಟೆಯ ಭಾಗ ಒಳಗೆ ಮರೆಯಾಗುವ ನಾಲಿಗೆಗೆ. ಆದರೆ ಕೈಚಳಕಕ್ಕೆ ದುಡ್ಡು ಕೊಡುವವರಿರಲಿಲ್ಲ. ದುಡ್ಡು ತುಂಡುಗಳ ಎಣಿಕೆಗೆ. ದಿನದ ಗುರಿ ದಾಟಿದರೆ ಸಂಬಳದ ಮೇಲೆ ಇನ್ನಷ್ಟು, ದಾಟದಿದ್ದರೆ ಇಲ್ಲ. ಎರಡೂ ಹೆಬ್ಬೆರಳು ಒತ್ತಿಕೊಂಡು ಕೂತರೆ ಗುರಿ ದಾಟುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಗುರಿ ಇಟ್ಟವರಿಗೂ.

ಹಾಗಾಗಿ ಆಪರೇಟರ್‌ಗಳು ಎಡಗುಂಡಿಯನ್ನು ಅದುಮಿ ತೊಗಲಿನ ಪಟ್ಟಿಯಿಂದ ಹಿಡಿಕೆಗೆ ಬಿಗಿದು ಕಟ್ಟುತ್ತಿದ್ದರು. ಎಡಗೈ ಬಿಡುವಾಗುತ್ತಿತ್ತು. ಬಲ ಹೆಬ್ಬೆರಳು ಒತ್ತುತ್ತಿದ್ದಂತೆ ಎಡಗೈ ಮುಂದಿನ ತುಂಡಿಗೆ ತೊಗಲು ಜರುಗಿಸುತ್ತಿತ್ತು. ಗುಂಡಿಯ ಮೇಲಿರುವುದು ಹೆಬ್ಬೆರಳೋ ಪಟ್ಟಿಯೋ ನನಗೆ ತಿಳಿಯುವುದಿಲ್ಲ. ಅದುಮಿದ್ದು ಮಾತ್ರ ತಿಳಿಯುತ್ತದೆ.

ಆ ಪಟ್ಟಿಗೆ ಅವರು ಇಟ್ಟ ಹೆಸರು ತಾಳಿ.

“ಏನ್ಲಾ, ಇನ್ನೂ ಬ್ರಹ್ಮಚಾರಿನಾ? ತಾಳಿ ಕಟ್ಲಾ ಬೇಗ,” ಎಂದು ಬೆಳಿಗ್ಗೆ ಒಬ್ಬರನ್ನೊಬ್ಬರು ಕೆಣಕುತ್ತಿದ್ದರು. ಪರದೇಶದ ಕೊಳ್ಳುವವರು ಕಾರ್ಖಾನೆ ನೋಡಲು ಬರುವ ದಿನ ಸೂಪರ್‌ವೈಸರ್ ಪ್ರಸನ್ನಕುಮಾರ್ ಸಾಲಿನುದ್ದಕ್ಕೂ ನಡೆಯುತ್ತ, ಯಾರ ಮುಖವನ್ನೂ ನೋಡದೆ, “ಬಿಚ್ರಪ್ಪ, ಬಿಚ್ರಿ,” ಎನ್ನುತ್ತಿದ್ದ. ಅವರು ಹೋದ ಮೇಲೆ ಮತ್ತೆ ಕಟ್ಟುತ್ತಿದ್ದರು.

ಸಾವಂತ್ರಿ ನನ್ನ ಹತ್ತಿರ ಬಂದದ್ದು ಮುನಿಕೆಂಪನ ಸೊಂಟನೋವಿನಿಂದ. ಅವಳು ಅಂಟಿನ ಮೇಜಿನ ಹೆಲ್ಪರ್. ನನ್ನ ಕೆಳಗೆ ಬಿದ್ದ ತೊಗಲಿನ ಚೂರು ಆಯಲು ಬರುತ್ತಿದ್ದಳು, ಆಯುತ್ತಲೇ ಮೇಲೆ ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮುನಿಕೆಂಪನಿಗೆ ನಿಲ್ಲಲಾಗುತ್ತಿರಲಿಲ್ಲ. ಒಂದು ದಿನ ಅವನು ಸ್ಟೂಲಿನ ಮೇಲೆ ಕೂತು, “ಬಾರವ್ವ, ನಾಕು ತುಂಡು ಹೊಡಿ,” ಎಂದ. ನಾಲ್ಕು ತುಂಡು ಹೊಡೆದಳು. ಆಮೇಲೆ ಊಟವಾದ ಮೇಲೆ ದಿನವೂ ನಾನು ಅವಳ ಕೈಯಲ್ಲಿದ್ದೆ. ಮುನಿಕೆಂಪ ಪಕ್ಕದಲ್ಲಿ ಕೂತು ತೊಗಲು ವಿಂಗಡಿಸುತ್ತಿದ್ದ.

ಪ್ರಸನ್ನಕುಮಾರ್ ನೋಡಿದ, ಬೇಡವೆನ್ನಲಿಲ್ಲ. “ನಡೀಲಿ. ವರ್ಷ ಆಗಲಿ, ಕೈ ಕೂರಲಿ. ಆಮೇಲೆ ಆಪರೇಟರ್ ಮಾಡೋಣ,” ಎಂದ. ಅಲ್ಲಿಯವರೆಗೆ ಸಂಬಳ ಹೆಲ್ಪರಿನದೇ.

ಸಾವಂತ್ರಿಗೆ ಆ ಮಾತೇ ಸಾಕಿತ್ತು. ಗಂಡ ತೀರಿದ ಮೇಲೆ ಅವಳು ಮಗಳೊಂದಿಗೆ ಅಣ್ಣನ ಮನೆಯಲ್ಲಿದ್ದಳು. ಅಡುಗೆಮನೆಯಲ್ಲಿ ಮಲಗುವುದು, ಎಲ್ಲರೂ ಉಂಡು ಪಾತ್ರೆ ತೊಳೆದ ಮೇಲೆ.

“ಆಪರೇಟ್ರಾದ್ರೆ ಏನ್ ಮಾಡ್ತೀಯವ್ವ?” ಎಂದು ಮುನಿಕೆಂಪ ಕೇಳಿದ್ದ.

“ಬಾಗಿಲಿರೋ ಒಂದು ರೂಮು ಮಾಡ್ತೀನಣ್ಣ.”

“ಬಾಗ್ಲು ಎಲ್ಲಾ ರೂಮಿಗೂ ಇರ್ತದೆ.”

“ಒಳಗಿಂದ ಚಿಲಕ ಹಾಕ್ಕೊಳ್ಳೋ ಬಾಗ್ಲು.”

ಅವಳಿಗೆ ಕಲಿಸುವಾಗ ಮುನಿಕೆಂಪ ಒಂದು ಮಾತಿನಲ್ಲಿ ಗಟ್ಟಿಯಾಗಿದ್ದ. ನನ್ನನ್ನು ಅವಳ ಕೈಗೆ ಕೊಡುವ ಮೊದಲು ಪಟ್ಟಿ ಬಿಚ್ಚಿ ತನ್ನ ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಿದ್ದ. “ನಂಗೆ ಹಳೇ ಅಭ್ಯಾಸ. ನೀನು ಎರಡೂ ಹೆಬ್ಬೆಟ್ಟಲ್ಲಿ ಒತ್ತು. ಎಡಗಡೇದು ಒತ್ತೋಗಂಟ ಇದು ಬೀಳಲ್ಲ. ಹೆದರಬ್ಯಾಡ.” ಅವಳೆದುರು ಯಾರೂ ತಾಳಿ ಎನ್ನುತ್ತಿರಲಿಲ್ಲ. ಕೊನೆಗೆ ಅವಳೇ ಒಮ್ಮೆ, ಅವನು ಮರೆತು ಕೂತಿದ್ದಾಗ, “ಬಿಚ್ಚಣ್ಣ ನಿನ್ ತಾಳೀನ,” ಎಂದಳು. ಸಾಲಿಗೆ ಸಾಲೇ ನಕ್ಕಿತು.

ಅವನು ಹೇಳಿಕೊಟ್ಟಂತೆಯೇ ಅವಳು ನಡೆದಳು. ಬಲಗೈಯಿಂದ ನನ್ನ ತೋಳನ್ನು ಎಳೆದುಕೊಳ್ಳುವಾಗಲೇ ಬಲ ಹೆಬ್ಬೆರಳು ಗುಂಡಿಯನ್ನು ಅದುಮಿರುತ್ತಿತ್ತು. ಎಡಗೈ ಅಚ್ಚನ್ನು ನೇರ ಮಾಡಿ, ಮೇಲೆ ಬಂದು, ಎಡಗುಂಡಿ ಒತ್ತುತ್ತಿತ್ತು. ಆಗ ನಾನು ಬೀಳುತ್ತಿದ್ದೆ. ನಿಧಾನ, ಆದರೆ ಒಂದು ತುಂಡೂ ಹಾಳಿಲ್ಲ. ಕೊಳ್ಳುವವರು ಬಾರದ ದಿನವೂ ನನ್ನ ಎಡಗುಂಡಿಯನ್ನು ಬೆರಳಿಂದ ಒತ್ತಿದವಳು ಆ ಕಾರ್ಖಾನೆಯಲ್ಲಿ ಅವಳೊಬ್ಬಳೇ.

ಅವಳ ವರ್ಷ ತುಂಬುವ ಮೊದಲು ಕೊಳ್ಳುವವರು ಇನ್ನೊಮ್ಮೆ ಬಂದರು. ಬೆಳಿಗ್ಗೆಯೇ “ಬಿಚ್ರಿ” ಎಂದಾಯಿತು. ಮುನಿಕೆಂಪ ಪಟ್ಟಿ ಬಿಚ್ಚಿ ಮಣಿಕಟ್ಟಿಗೆ ಸುತ್ತಿಕೊಂಡು, ಎರಡು ಹೆಬ್ಬೆರಳಿನಿಂದ, ಹೊಸಬನಂತೆ ತಡವರಿಸುತ್ತ ಕೆಲಸ ಮಾಡಿದ. ಬಂದವರು ನೋಡಿದರು, ತಲೆಯಾಡಿಸಿದರು, ಊಟಕ್ಕೆ ಮೊದಲೇ ಹೋದರು. ಅವರು ಹೋದದ್ದೇ ಪ್ರಸನ್ನಕುಮಾರ್ ಬಂದು, “ಅರ್ಧ ದಿನ ಹಿಂದಿದ್ದೀವಿ. ಸಂಜೆ ಲೋಡ್ ಹೋಗ್ಲೇಬೇಕು,” ಎಂದ. ಮುನಿಕೆಂಪ ಅವಸರದಲ್ಲಿ ಕೈಗೆ ಸಿಕ್ಕ ಹೊಸ ಪಟ್ಟಿ ಕಟ್ಟಿದ. ಹಿಡಿಕೆಯೂ ಕಪ್ಪು, ಪಟ್ಟಿಯೂ ಕಪ್ಪು. ಊಟದ ಗಂಟೆಯವರೆಗೆ ತಲೆ ಎತ್ತದೆ ಹೊಡೆದ.

ಊಟವಾದ ಮೇಲೆ ಸ್ಟೂಲಿನ ಮೇಲೆ ಕೂತು ಮಣಿಕಟ್ಟು ಮುಟ್ಟಿ ನೋಡಿಕೊಂಡ. ಬೆಳಿಗ್ಗೆ ಬಿಚ್ಚಿದ ಪಟ್ಟಿ ಅಲ್ಲೇ ಇತ್ತು. ಬಿಚ್ಚಿಯಾಗಿದೆ ಎಂದುಕೊಂಡಿರಬೇಕು.

“ಬಾರವ್ವ,” ಎಂದ.

ಸಾವಂತ್ರಿ ಬಂದಳು. ತೊಗಲು ಹಾಸಿದಳು, ಅಚ್ಚು ಇಟ್ಟಳು. ಬಲಗೈಯಿಂದ ತೋಳನ್ನು ಎಳೆದಳು. ಎಡಗೈ ಅಚ್ಚನ್ನು ನೇರ ಮಾಡುತ್ತಿತ್ತು. ಎರಡೂ ಗುಂಡಿ ಅದುಮಿದ್ದವು. ನಾನು ಬಿದ್ದೆ.

ತೊಗಲಿಗೆ ಹಿಡಿಯುವಷ್ಟೇ ಹೊತ್ತು ಹಿಡಿಯಿತು. ಮೂರು ಬೆರಳು.

ನನ್ನ ಎಡಗುಂಡಿಯನ್ನು ನೋಡಿದಳು, ಆಮೇಲೆ ಮುನಿಕೆಂಪನನ್ನು. ಅವನು ತನ್ನ ಟವೆಲ್ಲನ್ನು ಅವಳ ಕೈಗೆ ಸುತ್ತಿದ. ನಾಲ್ಕು ಜನ ಸೇರಿ ಅವಳನ್ನು ಸಾಮಾನಿನ ವ್ಯಾನಿಗೆ ಹತ್ತಿಸಿದರು. ವ್ಯಾನು ಹೋದ ಮೇಲೆ ಮುನಿಕೆಂಪ ಮರಳಿ ಬಂದು ಪಟ್ಟಿಯನ್ನು ಚಾಕುವಿನಿಂದ ಕುಯ್ದು ಜೇಬಿಗೆ ಹಾಕಿಕೊಂಡ. ಪ್ರಸನ್ನಕುಮಾರ್ ಪಕ್ಕದಲ್ಲೇ ನಿಂತಿದ್ದ. ಗೋಡೆ ನೋಡುತ್ತಿದ್ದ.

ಕೆಲವು ದಿನಗಳ ನಂತರ ಸರ್ಕಾರದ ಕಡೆಯಿಂದ ಒಬ್ಬ ಅಧಿಕಾರಿ ಬಂದ. ನನ್ನ ಒಂದು ಗುಂಡಿ ಒತ್ತಿದ, ನಾನು ಬೀಳಲಿಲ್ಲ. ಎರಡು ಒತ್ತಿದ; ಬಿದ್ದೆ. “ಮೆಷಿನ್ ಸರಿಯಾಗಿದೆ. ಯಾರು ನಡೆಸ್ತಿದ್ದದ್ದು?” ಎಂದು ಕೇಳಿದ.

ಪ್ರಸನ್ನಕುಮಾರ್ ಮುನಿಕೆಂಪನ ಕಡೆ ನೋಡಿದ.

“ನಾನೇ ಸಾರ್, ಆಪರೇಟ್ರು,” ಎಂದ ಮುನಿಕೆಂಪ. “ನೀರು ಕುಡಿಯಕ್ಕೆ ಹೋಗಿದ್ದೆ. ಆವಮ್ಮ ಹೆಲ್ಪರು. ಚೂರು ಆಯಕ್ಕೆ ಬಂದೋಳು ಮುಟ್ಟವಳೆ.”

ಅಷ್ಟಕ್ಕೇ ಮುಗಿಯಿತು. ಆಸ್ಪತ್ರೆಯ ಖರ್ಚು ಕಾರ್ಖಾನೆ ಕೊಟ್ಟಿತು. ಬೆರಳಿನ ಪರಿಹಾರದ ಮಾತು ಬಂದಾಗ, ಹೆಲ್ಪರ್ ಹೇಳದೆ ಕೇಳದೆ ಮೆಷಿನ್ ಮುಟ್ಟಿದ್ದಾಳೆ, ಕಂಪನಿ ಏನು ಮಾಡೀತು ಎಂದರು.

ಗಾಯ ಮಾಗಿದ ಮೇಲೆ ಸಾವಂತ್ರಿ ಬಂದಳು. ಅಂಟಿನ ಮೇಜಿಗೆ ಎರಡು ಕೈ ಬೇಕು. ಅವಳಿಗೆ ಚೂರು ಗುಡಿಸುವ ಕೆಲಸ ಕೊಟ್ಟರು. ಮೊದಲ ದಿನ ಪೊರಕೆ ಹಿಡಿದು ನನ್ನ ಹತ್ತಿರ ಬಂದಾಗ ಮುನಿಕೆಂಪ ಎರಡೂ ಹೆಬ್ಬೆರಳಿನಿಂದ ಒತ್ತುತ್ತಿದ್ದ. ಅವಳನ್ನು ಕಂಡು ನಿಲ್ಲಿಸಿದ.

“ನಾನು ನಡೆಸ್ತಿದ್ದೆ ಅಂತ ಒಂದು ಮಾತು ಅನ್ಬೋದಿತ್ತಲ್ಲಣ್ಣ,” ಎಂದಳು ಸಾವಂತ್ರಿ. ದನಿ ಏರಿಸಲಿಲ್ಲ.

“ಅಂದಿದ್ರೆ ಪಟ್ಟಿ ವಿಷ್ಯ ಬರ್ತಿತ್ತವ್ವ. ನನ್ ಕೆಲ್ಸ ಹೋಗೋದು.”

“ನಿನ್ ಕೆಲ್ಸ ಹೋಗ್ಲಿ ಅಂತ ನಂಗಿಲ್ಲ.”

“ಗೊತ್ತು.”

“ನಾನು ಕಳ್ಳಿ ಥರ ಮುಟ್ಟಿದೆ ಅಂತಾಯ್ತು. ಅಣ್ಣನ ಮನೇಲೂ ಹಂಗೇ ಅಂತಾರೆ. ನಿನ್ ಕೆಲ್ಸ ಅಲ್ದಿದ್ದು ಯಾಕ್ ಮುಟ್ಟಕ್ ಹೋದೆ ಅಂತ.”

ಅವಳು ನನ್ನ ಕೆಳಗಿನ ಚೂರು ಗುಡಿಸಿಕೊಂಡು ಹೋದಳು. ವರ್ಷ ತುಂಬಿದಾಗ ಯಾರೂ ಅವಳ ಆಪರೇಟರ್ ಮಾತು ಎತ್ತಲಿಲ್ಲ. ಒಂದು ಸೋಮವಾರ ಅವಳು ಬರಲಿಲ್ಲ, ಆಮೇಲೆಯೂ ಬರಲಿಲ್ಲ.

ಮುನಿಕೆಂಪ ಎರಡು ಹೆಬ್ಬೆರಳಿನಿಂದಲೇ ನಡೆಸಿದ್ದು ಎರಡು ಸಂಬಳದವರೆಗೆ. ಎರಡು ಬಾರಿಯೂ ಗುರಿ ದಾಟಲಿಲ್ಲ. ದೀಪಾವಳಿ ಹತ್ತಿರ ಬಂತು. ಒಂದು ಬೆಳಿಗ್ಗೆ ಅವನು ಪಟ್ಟಿ ಕಟ್ಟಿದ. ಯಾರೂ ಕೆಣಕಲಿಲ್ಲ.

ಆಮೇಲಿನದು ಹೆಚ್ಚಿಲ್ಲ. ಕಾರ್ಖಾನೆ ಕೂಲಿ ಇನ್ನೂ ಅಗ್ಗವಿರುವ ಕಡೆ ಹೋಯಿತು. ನನ್ನನ್ನು ಹರಾಜಿನಲ್ಲಿ ಟ್ಯಾನರಿ ರಸ್ತೆಯ ಒಂದು ಸಣ್ಣ ಶೆಡ್ಡಿನವರು ಕೊಂಡರು. ಅಲ್ಲಿ ಬೆಲ್ಟು, ಪರ್ಸು ಕತ್ತರಿಸಿದೆ. ಅಲ್ಲಿ ಕಟ್ಟುವ ತಾಪತ್ರಯವೂ ಇರಲಿಲ್ಲ. ಬಂದ ದಿನವೇ ಎಲೆಕ್ಟ್ರಿಷಿಯನ್ ಒಳಗಿನ ಎರಡು ತಂತಿ ಸೇರಿಸಿ ಎಡಗುಂಡಿಯನ್ನು ಸುಮ್ಮನಾಗಿಸಿದ. ಅದು ಒಂದು ಅಲಂಕಾರವಾಗಿ ಉಳಿಯಿತು. ತೋಳಿನ ಎಣ್ಣೆ ಸೋರತೊಡಗಿದಾಗ ನನ್ನನ್ನು ಗುಜರಿಗೆ ಹಾಕಿದರು.

ಈಗ ಮೈಸೂರು ರಸ್ತೆಯ ಗುಜರಿಯಲ್ಲಿ ಪಕ್ಕಕ್ಕೆ ಒರಗಿದ್ದೇನೆ. ಹಸಿರು ಬಣ್ಣ ಹೋಗಿದೆ. ಬಲಗುಂಡಿ ಸವೆದು ತಗ್ಗು ಬಿದ್ದಿದೆ. ಎಡಗುಂಡಿಯ ಮೇಲೆ ಅಡ್ಡಕ್ಕೆ ಪಟ್ಟಿಯ ಒಂದು ಗೆರೆಯಿತ್ತು. ಗೆರೆಯ ಎರಡು ಬದಿಗೂ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂಥ ತೆಳು ಹೊಳಪಿತ್ತು. ಒಂದು ಹೆಬ್ಬೆರಳಿನಗಲ. ಮುನಿಕೆಂಪನ ಎರಡು ತಿಂಗಳು ಕಳೆದರೆ ಅದು ಸಾವಂತ್ರಿಯದು. ಅವಳು ಆಪರೇಟರ್ ಆಗಿದ್ದಳು ಎನ್ನಲು ಲೋಕದಲ್ಲಿ ಬೇರೇನೂ ಉಳಿದಿರಲಿಲ್ಲ.

ಮೊನ್ನೆ ಒಬ್ಬ ರಿಪೇರಿಯವನು ಬಿಡಿಭಾಗ ಹುಡುಕುತ್ತ ಬಂದ. ನನ್ನ ಹಿಡಿಕೆಯನ್ನು ತಿರುಗಿಸಿ ನೋಡಿದ.

“ಬಲಗಡೇದು ಹೋಗ್ಬುಟ್ಟಿದೆ,” ಎಂದ ಗುಜರಿಯವನಿಗೆ. “ಎಡಗಡೇದು ಹೊಸದಿದ್ದಂಗೈತೆ. ಯಾರೂ ಮುಟ್ಟೇ ಇಲ್ಲ.”

ಸ್ಕ್ರೂ ಬಿಚ್ಚಿ, ಅಂಗಿಯ ಅಂಚಿನಲ್ಲಿ ಗುಂಡಿಯನ್ನು ಉಜ್ಜಿ ಒರೆಸಿ, ಜೇಬಿಗೆ ಹಾಕಿಕೊಂಡು ಹೋದ.

ನನ್ನನ್ನು ಕರಗಿಸುತ್ತಾರೆ. ಕಬ್ಬಿಣ ಮತ್ತೆ ಏನಾದರೂ ಆಗುತ್ತದೆ, ಅದರ ಬಗ್ಗೆ ನನಗೆ ಯೋಚನೆಯಿಲ್ಲ. ಆ ಗುಂಡಿ ಈಗ ಯಾವುದೋ ಪ್ರೆಸ್ಸಿನ ಎಡಕ್ಕೆ ಕೂತಿರಬೇಕು. ಅದರ ಮೇಲೆ ಒಂದು ಹೆಬ್ಬೆರಳು ಬರುತ್ತಿದೆಯೋ, ಪಟ್ಟಿ ಕಟ್ಟಿದ್ದಾರೋ ನನಗೆ ಗೊತ್ತಿಲ್ಲ. ಆ ಪ್ರೆಸ್ಸಿಗೂ ಗೊತ್ತಾಗುವುದಿಲ್ಲ.